ಶೇವಿಂಗ್ ಎಲ್ಲ ತಮ್ಮನ ಕುರ್ಚಿಗೆ

ಮಾರ್ಚ್ 2, ಸೋಮವಾರ. ಮಧ್ಯಾಹ್ನ

ಊಟ ಆಯಿತು. ಅಂಗಡಿ ಖಾಲಿ. ತಮ್ಮ ತನ್ನ ಕುರ್ಚಿಯಲ್ಲೇ ಕಾಲು ಚಾಚಿ ಮಲಗಿದ್ದಾನೆ, ಬಾಯಿ ತೆರೆದುಕೊಂಡು. ಪಾಪ, ದಣಿದಿದ್ದಾನೆ. ಈಗೀಗ ಕಟಿಂಗ್ ಎಲ್ಲ ನನ್ನ ಕುರ್ಚಿಗೆ, ಶೇವಿಂಗ್ ಎಲ್ಲ ಅವನ ಕುರ್ಚಿಗೆ. ಮೊದಲು ಹೀಗಿರಲಿಲ್ಲ. ಯಾರು ಯಾವ ಕುರ್ಚಿಯಲ್ಲಿ ಕೂತರೋ ಅಲ್ಲೇ ತಲೆ, ಅಲ್ಲೇ ಗಡ್ಡ. ಈಗ ನಾನು ಕೂದಲು ಮುಗಿಸಿ "ಗಡ್ಡಕ್ಕೆ ಆ ಕಡೆ ಕೂತ್ಕೊಳ್ಳಿ" ಅನ್ನುತ್ತೇನೆ. ಗಿರಾಕಿ ಮೈತುಂಬ ಕೂದಲು ಉದುರಿಸಿಕೊಂಡು ಎದ್ದು ಹೋಗಬೇಕು. ಕೆಲವರು ಗೊಣಗುತ್ತಾರೆ.

ಮಣಿಕಟ್ಟು ನೋವು ಅಂತ ಹೇಳಿದ್ದೇನೆ. ಬ್ಯಾಂಡೇಜ್ ಬೇರೆ ಸುತ್ತಿಕೊಂಡಿದ್ದೇನೆ. ದಿನವಿಡೀ ಕತ್ತರಿ ಆಡಿಸುವ ಕೈಗೆ ಗಡ್ಡ ತೆಗೆಯುವಾಗ ಮಾತ್ರ ಯಾಕಪ್ಪಾ ನೋವು ಅಂತ ಇದುವರೆಗೆ ಯಾರೂ ಕೇಳಿಲ್ಲ. ಜನ ಒಳ್ಳೆಯವರು.

ನೋವಿಲ್ಲ. ಏನೂ ಇಲ್ಲ. ಅದನ್ನೇ ಬರೆಯೋಣ ಅಂತ ಈ ಡೈರಿ ತೆಗೆದೆ. ಹೇರ್‌ಡೈ ಕಂಪನಿಯವನು ಕೊಟ್ಟದ್ದು, ಮೂಲೆಯಲ್ಲಿ ಬಿದ್ದಿತ್ತು.

ಚಳಿಗಾಲದಲ್ಲಿ ಒಂದು ಬೆಳಗ್ಗೆ ರಿಟೈರ್ಡ್ ಪೋಸ್ಟ್‌ಮಾಸ್ಟರ್ ಬಂದಿದ್ದರು. ನನ್ನ ಹಳೇ ಗಿರಾಕಿ. ದೇವರಂಥ ಮನುಷ್ಯ. ನೊರೆ ಹಚ್ಚಿ, ತಲೆ ಹಿಂದಕ್ಕೆ ಬಾಗಿಸಿ, ದವಡೆ ಕೆಳಗೆ ಕತ್ತಿ ಇಟ್ಟೆ. ಆಗ ಒಂದು ಯೋಚನೆ ಬಂತು... ಒತ್ತಿಬಿಟ್ಟರೆ?

ಅಷ್ಟೇ. ಎಲ್ಲಿಂದ ಬಂತೋ. ಕೈ ಮರಗಟ್ಟಿತು. ಅವರು ಕಣ್ಣು ಮುಚ್ಚಿಕೊಂಡೇ "ಏನಯ್ಯಾ, ನಿದ್ದೆ ಬಂತಾ?" ಅಂದರು. ಹೇಗೋ ಮುಗಿಸಿದೆ. ಆವತ್ತಿನಿಂದ ಪ್ರತಿ ಗಂಟಲಿಗೂ ಬರುತ್ತದೆ. ಮನೆಯಲ್ಲಿ ಇವಳು ಪಕ್ಕದಲ್ಲಿ ನಿಂತಿದ್ದರೆ ತರಕಾರಿ ಹೆಚ್ಚುವ ಚಾಕು ಮುಟ್ಟುವುದಕ್ಕೂ ಭಯ. ನಾನು ಒಳ್ಳೆಯವನೋ, ಕೊಲೆಗಾರನೋ? ಒಳಗೊಳಗೇ ಹಾಗೇನಾದರೂ ಇದ್ದರೆ?

ಬರೆದೆ. ತಮ್ಮ ಎದ್ದ ಹಾಗಿದೆ.


ಮಾರ್ಚ್ 5, ಗುರುವಾರ

ಮನಸ್ಸಿನ ಡಾಕ್ಟರನ್ನು ಹುಡುಕುತ್ತಿದ್ದೇನೆ. ಹಲ್ಲಿನ ಡಾಕ್ಟರಾದರೆ ಯಾರನ್ನಾದರೂ ಕೇಳಬಹುದು. ಇದನ್ನು ಯಾರನ್ನು ಕೇಳುವುದು? ಈ ಕುರ್ಚಿಯಲ್ಲಿ ಕೂತವರೆಲ್ಲ ನನಗೆ ಬೀಗರ ಜಗಳದಿಂದ ಹಿಡಿದು ಮೂಲವ್ಯಾಧಿ ತನಕ ಎಲ್ಲ ಹೇಳಿದ್ದಾರೆ. ಇಂಥದ್ದೊಂದನ್ನು ಒಬ್ಬರೂ ಹೇಳಿಲ್ಲ. ಹಾಗಾದರೆ ಬೇರೆ ಯಾರಿಗೂ ಬರುವುದಿಲ್ಲವೇನೋ.

ಫೋನಿನಲ್ಲಿ ಹುಡುಕಿದೆ. ಒಂದು ಕಡೆ ಎರಡು ತಿಂಗಳು ಕಾಯಬೇಕು. ಇನ್ನೊಂದು ಕಡೆ ಮಕ್ಕಳನ್ನು ಮಾತ್ರ ನೋಡುವುದು. ಮೂರನೇ ಕಡೆ ಒಬ್ಬಳು ಹುಡುಗಿ ಎತ್ತಿದಳು.

"ಏನು ತೊಂದರೆ ಅಂತ ಚುಟುಕಾಗಿ ಹೇಳಿ ಸರ್."

ಬೆಂಚಿನ ಮೇಲೆ ಇಬ್ಬರು ಗಿರಾಕಿಗಳು ಕಿವಿ ನಿಮಿರಿಸಿಕೊಂಡು ಕೂತಿದ್ದರು. "ಕೈ ನೋವು" ಅಂದುಬಿಟ್ಟೆ.

"ಅದಕ್ಕೆ ಮೂಳೆ ಡಾಕ್ಟರ ಹತ್ರ ಹೋಗ್ಬೇಕು ಸರ್."

ನಂಬರ್ ಕೂಡ ಕೊಟ್ಟಳು. ಥ್ಯಾಂಕ್ಸ್ ಅಂದೆ. ಇನ್ನೇನು ಅನ್ನಲಿ.

ಮರೆತಿದ್ದೆ — ಇವತ್ತು ಬ್ಯಾಂಡೇಜನ್ನು ಎಡಗೈಗೆ ಸುತ್ತಿಕೊಂಡು ಬಂದಿದ್ದೆ. ತಮ್ಮ ನೋಡಿದ. "ಅಣ್ಣ, ನೋವು ಈಗ ಈ ಕಡೆಗೆ ವರ್ಗ ಆಯ್ತಾ?" ಅಂದ. ನಕ್ಕ. ನಾನೂ ನಕ್ಕೆ. ಬಲಗೈಗೆ ಬದಲಾಯಿಸಿಕೊಂಡೆ. ಅವನು ಮುಂದೆ ಏನೂ ಕೇಳಲಿಲ್ಲ. ಬೆಂಚಿನ ಮೇಲಿದ್ದ ಎರಡು ಗಡ್ಡಗಳನ್ನೂ ಅವನೇ ತೆಗೆದ.


ಮಾರ್ಚ್ 10, ಮಂಗಳವಾರ. ಸಂಜೆ

ಹೋಗಿ ಬಂದೆ! ಬ್ಯಾಂಕಿನ ಮೇಲಿನ ಮಹಡಿ. ಕೌನ್ಸೆಲರ್ ಗಂಡಸು, ಐವತ್ತರ ಹತ್ತಿರ. ಒಳ್ಳೆ ಕೋಣೆ, ಮೆತ್ತನೆ ಸೋಫಾ. ಅವರ ಕಿವಿ ಪಕ್ಕದ ಸೈಡ್‌ಲಾಕ್ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಯಾರು ಮಾಡಿದರೋ.

"ಹೇಳಿ" ಅಂದರು. ಸುಮ್ಮನೆ ಕೂರುವುದಕ್ಕೆ ಆಗದೆ "ನೀವು ಈ ಕೆಲಸಕ್ಕೆ ಬಂದು ಬಹಳ ವರ್ಷ ಆಯ್ತಾ ಸರ್?" ಅಂದೆ. ಅಂಗಡಿಯ ಅಭ್ಯಾಸ. ಅವರು ಹೇಳಿದರು. ನಾನು "ಹೌದಾ?" ಅಂದೆ. "ಆಮೇಲೆ?" ಅಂದೆ. ಅಲ್ಲಿಗೆ ಮುಗಿಯಿತು ಕಥೆ. ಮೊದಲ ಕೆಲಸ ಬಿಟ್ಟದ್ದು, ಮಗ ಮಾತು ಬಿಟ್ಟದ್ದು, ಒಂದೇ ಮನೆಯಲ್ಲಿದ್ದುಕೊಂಡು ಅಪ್ಪನಿಗೆ ಮೆಸೇಜ್ ಕಳಿಸುವುದು... ಒಂದು ಗಂಟೆ. ನಾನು ನಡುನಡುವೆ "ಛೆ", "ಹೌದಲ್ವಾ" ಅನ್ನುತ್ತಾ ಕೂತಿದ್ದೆ. ಕೊನೆಗೆ ಅವರಿಗೇ ನಾಚಿಕೆಯಾಯಿತು.

"ಕ್ಷಮಿಸಿ, ಇವತ್ತು ನಾನೇ ಜಾಸ್ತಿ ಮಾತಾಡ್ಬಿಟ್ಟೆ. ಆದ್ರೆ ನಿಮ್ಮ ಹತ್ರ ಮಾತಾಡಿ ಎಷ್ಟೋ ಹಗುರ ಆಯ್ತು."

"ಅಯ್ಯೋ, ಪರವಾಗಿಲ್ಲ ಸರ್. ಮಗನ್ನ ಒಂದ್ಸಲ ನೀವೇ ಹೊರಗೆ ಕರ್ಕೊಂಡು ಹೋಗಿ" ಅಂತ ಬುದ್ಧಿ ಹೇಳಿ ಬಂದೆ. ಕೆಳಗೆ ರಸ್ತೆಯಲ್ಲಿ ನಿಂತ ಮೇಲೆ ನೆನಪಾಯಿತು, ನನ್ನದು ಹೇಳಲೇ ಇಲ್ಲ.

ಒಳ್ಳೆ ಮನುಷ್ಯ. ಮಗ ಮಾತಾಡಲಿ. ಆದರೆ ಮತ್ತೆ ಅಲ್ಲಿಗೆ ಹೋಗುವುದಿಲ್ಲ, ಹೋದರೆ ಮುಂದಿನ ಸಲ ಅವರ ಹೆಂಡತಿಯ ಕಥೆ.


ಮಾರ್ಚ್ 24, ಮಂಗಳವಾರ

ಇನ್ನೊಬ್ಬರು ಸಿಕ್ಕಿದ್ದಾರೆ. ವಿಡಿಯೋ ಕಾಲ್. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಹಿಂದೆ ಒಂದು ಗಿಡ. ಅಂಗಡಿ ಹಿಂದಿನ ಸ್ಟೋರ್ ರೂಮಿನಲ್ಲಿ ಶಾಂಪೂ ಡಬ್ಬಗಳ ನಡುವೆ ಸ್ಟೂಲ್ ಹಾಕಿಕೊಂಡು ಮಾತಾಡಿದೆ. ಎರಡು ಸಲ ಆಯಿತು.

ಈ ಸಲ "ಆಮೇಲೆ?" ಅನ್ನಲಿಲ್ಲ. ನಾಲಿಗೆ ಕಚ್ಚಿಕೊಂಡೆ. "ಕೆಟ್ಟ ಯೋಚನೆ ಬರುತ್ತೆ" ಅಂತ ಮಾತ್ರ ಹೇಳಿದೆ. ಎಂಥದ್ದು ಅಂತ ಹೇಳಲಿಲ್ಲ. ಅರ್ಧ ಹೇಳಿದರೆ ಅರ್ಧ ಮದ್ದು ಸಿಗುತ್ತದೆ, ಅದು ಅವರ ತಪ್ಪಲ್ಲ. ಕೈಗೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ, ಯೋಚನೆ ಬಂದಾಗ ಪಟ್ ಅಂತ ಎಳೆದು ಬಿಡಿ, ಮನಸ್ಸಿನಲ್ಲೇ "ನಿಲ್ಲು" ಅನ್ನಿ ಅಂದರು.

ಒಂದು ವಾರ ಪಟ್ ಪಟ್ ಅನ್ನಿಸಿದ್ದೇ ಅನ್ನಿಸಿದ್ದು. ಬ್ಯಾಂಡೇಜ್ ಇದ್ದ ಕೈಗೆ ಈಗ ನಿಜವಾಗಿಯೂ ನೋವು. ನಿಲ್ಲು ಅಂದಷ್ಟೂ ಅದು ಬಂದು ಬಂದು ನಿಲ್ಲುತ್ತದೆ. ಕಟಿಂಗ್ ಮಾಡುವಾಗಲೂ ಶುರುವಾಗಿದೆ. ಕತ್ತರಿ, ಕಿವಿ... ಕಟಿಂಗೂ ಹೋದರೆ ನನಗೆ ಉಳಿಯುವುದು ಕಸಗುಡಿಸುವ ಕೆಲಸ ಮಾತ್ರ. ಬೇರೆ ಏನೂ ಬರುವುದಿಲ್ಲ ನನಗೆ.


ಮಾರ್ಚ್ 31, ಮಂಗಳವಾರ

ಇವತ್ತು ಹೇಳಿದೆ. ಪೂರ್ತಿ ಅಲ್ಲ. "ನನ್ನಿಂದ ಯಾರಿಗಾದ್ರೂ ಏನಾದ್ರೂ ಆಗ್ಬಿಡುತ್ತೇನೋ ಅಂತ" ಅಂದೆ.

ಆ ಹುಡುಗಿಯ ಮುಖ ಬಿಳಿಚಿತು. ಬೆನ್ನು ನೆಟ್ಟಗಾಯಿತು.

"ಸರ್, ಯಾರಿಗಾದ್ರೂ ಹಾನಿ ಮಾಡ್ಬೇಕು ಅಂತ ಅನ್ಸುತ್ತಾ ನಿಮ್ಗೆ?"

"ಹಲೋ, ಹಲೋ, ಕೇಳಿಸ್ತಿಲ್ಲ ಮೇಡಂ, ನೆಟ್‌ವರ್ಕ್ ಇಲ್ಲ" ಅಂದೆ. ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕಟ್ ಮಾಡಿದೆ. ಸ್ವಿಚ್ ಆಫ್ ಮಾಡಿದೆ.

ಪೊಲೀಸಿಗೆ ಹೇಳುತ್ತಾಳೋ ಏನೋ. ಹೇಳಿದರೂ ತಪ್ಪೇನು.


ಏಪ್ರಿಲ್ 1, ಬುಧವಾರ

ಬೆಳಗ್ಗೆ ಫೋನ್ ಆನ್ ಮಾಡಿದೆ. ಮೆಸೇಜ್ ಬಂದಿತ್ತು. ಅದನ್ನು ಇಲ್ಲಿ ಬರೆದುಕೊಳ್ಳುತ್ತೇನೆ, ಫೋನ್ ಹಾಳಾದರೂ ಇದು ಇರಲಿ.

"ಸರ್, ನಿನ್ನೆ ನಾನು ಕೇಳಿದ ರೀತಿ ನಿಮ್ಮನ್ನು ಹೆದರಿಸಿರಬಹುದು. ಆ ಪ್ರಶ್ನೆ ಕೇಳಲೇಬೇಕಿತ್ತು, ಆದರೆ ಕೇಳಿದ ರೀತಿ ಸರಿಯಿರಲಿಲ್ಲ. ನೀವು ಹೇಳಿದ ತೊಂದರೆಯಲ್ಲಿ ನನಗೆ ತರಬೇತಿ ಇಲ್ಲ. ನಾನು ಹೇಳಿದ ರಬ್ಬರ್ ಬ್ಯಾಂಡ್ ಬಿಟ್ಟುಬಿಡಿ, ನಿಮ್ಮ ತೊಂದರೆಗೆ ಅದು ಸರಿಯಾದ ದಾರಿ ಅಲ್ಲ ಅಂತ ಅನುಮಾನ. ಇದರಲ್ಲೇ ಪಳಗಿದ ನನ್ನ ಟೀಚರ್ ಒಬ್ಬರು ದೊಡ್ಡಾಸ್ಪತ್ರೆಯಲ್ಲಿದ್ದಾರೆ. ಅವರೊಂದಿಗೆ ಮಾತಾಡಿ ನಿಮಗೆ ಟೈಮ್ ಕೇಳಿದ್ದೇನೆ. ದಯವಿಟ್ಟು ಹೋಗಿ. ನಿಮ್ಮನ್ನು ಕೈಬಿಡುತ್ತಿಲ್ಲ, ಸರಿಯಾದ ಕೈಗೆ ಕೊಡುತ್ತಿದ್ದೇನೆ."

ಮೂರು ಸಲ ಓದಿದೆ. ನನಗೆ ಬರುವುದಿಲ್ಲ ಅಂತ ಬಾಯಿಬಿಟ್ಟು ಹೇಳುವವರು ಎಷ್ಟು ಜನ ಇದ್ದಾರೆ? ನನ್ನಿಂದಂತೂ ಆಗದು. ಬರದ ಹೇರ್‌ಸ್ಟೈಲ್ ಕೇಳಿದರೂ "ಆಗ್ಲಿ, ಕೂತ್ಕೊಳ್ಳಿ" ಅನ್ನುತ್ತೇನೆ, ಆಮೇಲೆ ಪರದಾಡುತ್ತೇನೆ. ಈ ಹುಡುಗಿ ಚೆನ್ನಾಗಿರಲಿ.

ರಬ್ಬರ್ ಬ್ಯಾಂಡ್ ಬಿಚ್ಚಿ ಬಾಚಣಿಗೆಗಳಿಗೆ ಹಾಕಿದೆ.


ಏಪ್ರಿಲ್ 16, ಗುರುವಾರ. ಮಧ್ಯಾಹ್ನ

ಎಲ್ಲಿಂದ ಶುರು ಮಾಡಲಿ...

ದೊಡ್ಡಾಸ್ಪತ್ರೆ. ಉದ್ದನೆಯ ಕಾರಿಡಾರ್, ಕಬ್ಬಿಣದ ಕುರ್ಚಿಗಳು, ಫಿನಾಯಿಲ್ ವಾಸನೆ. ಕಾಯ್ದೆ. ಓಡಿಹೋಗೋಣ ಅಂತ ಎದ್ದೆ, ಕೂತೆ, ಎದ್ದೆ. ಎದುರಿಗಿದ್ದ ಅಜ್ಜಿ "ಟಾಯ್ಲೆಟ್ ಆ ಕಡೆ ಇದೆಯಪ್ಪಾ" ಅಂದಿತು.

ಮೇಡಂಗೆ ವಯಸ್ಸಾಗಿದೆ. ಬೆಳ್ಳಗಿನ ಕೂದಲು, ಗಿಡ್ಡ ಕಟ್, ಹಿಂದೆ ಕತ್ತಿನ ಹತ್ತಿರ ಚೊಕ್ಕಟ ಕೆಲಸ. ಮಾಡಿದವರಿಗೆ ಕೈ ಇದೆ. ಕೂತೆ. ಭಯಕ್ಕೆ ಹಳೇ ಚಾಳಿ ಶುರುವಾಯಿತು.

"ತುಂಬಾ ಜನ ಇದ್ದಾರೆ ಅಲ್ವಾ ಮೇಡಂ ಇವತ್ತು."

"ಹೂಂ."

"ನಿಮಗೆ ಊಟಕ್ಕೂ ಬಿಡುವಿರಲ್ಲ ಅನ್ಸುತ್ತೆ."

"ಇರುತ್ತೆ."

"ಹೌದಾ... ಆಮೇಲೆ?"

"ಆಮೇಲೆ ನೀವು ಹೇಳ್ಬೇಕು" ಅಂದರು. ಸುಮ್ಮನಾದರು. ನಾನೂ ಸುಮ್ಮನೆ. ಅವರು ಸುಮ್ಮನೆ. ಇಂಥ ಮೌನ ಅಂಗಡಿಯಲ್ಲಿ ನಾನು ಒಂದು ನಿಮಿಷ ಇರಗೊಡುವುದಿಲ್ಲ, ರೇಡಿಯೋನಾದರೂ ಹಾಕುತ್ತೇನೆ. ಅಲ್ಲಿ ರೇಡಿಯೋ ಇರಲಿಲ್ಲ.

"ಕೆಲಸ ಏನು ಮಾಡ್ತೀರಿ?" ಅಂದರು ಕೊನೆಗೆ.

"ಕಟಿಂಗ್, ಶೇವಿಂಗ್."

"ಶೇವಿಂಗ್‌ಗೆ ಕತ್ತಿ ಹಿಡಿದಾಗ, ಒತ್ತಿಬಿಟ್ರೆ ಅಂತ ಯೋಚನೆ ಬರುತ್ತಾ?"

ಅಷ್ಟು ಸಲೀಸಾಗಿ. ಸಕ್ಕರೆ ಹಾಕಲಾ ಬೇಡವಾ ಅಂತ ಕೇಳಿದ ಹಾಗೆ.

ತಲೆ ಆಡಿಸಿದೆ. ಆಮೇಲೆ ಎಲ್ಲ ಹೇಳಿದೆ. ಪೋಸ್ಟ್‌ಮಾಸ್ಟರು, ಬ್ಯಾಂಡೇಜು, ತರಕಾರಿ ಚಾಕು, ನೆಟ್‌ವರ್ಕು, ಎಲ್ಲ. ಅವರು ತುಂಬ ಪ್ರಶ್ನೆ ಕೇಳಿದರು. ಯಾರ ಮೇಲಾದರೂ ಸಿಟ್ಟಿದೆಯಾ, ಮಾಡಬೇಕು ಅನ್ನಿಸುತ್ತದಾ, ಯಾವತ್ತಾದರೂ ಯಾರ ಮೇಲಾದರೂ ಕೈ ಮಾಡಿದ್ದೀರಾ, ಕುಡಿತ ಇದೆಯಾ, ನಿದ್ದೆ ಹೇಗೆ. ಒಂದೊಂದನ್ನೂ ನೇರವಾಗಿ. ಮುಖ ಒಂದು ಸಲವೂ ಬಿಳಿಚಲಿಲ್ಲ.

"ಇದಕ್ಕೆ ಹೆಸರಿದೆ, ಮದ್ದಿದೆ. ನಿಮ್ಮೊಬ್ಬರಿಗೇ ಬಂದಿದ್ದಲ್ಲ. ಮಗು ಎತ್ಕೊಂಡು ಮೆಟ್ಟಿಲಿಳಿಯೋ ತಾಯಿಗೆ ಬಿಟ್ಬಿಟ್ರೆ ಅಂತ ಬರುತ್ತೆ. ಬಸ್ ಓಡಿಸೋರಿಗೆ ಸ್ಟಿಯರಿಂಗ್ ತಿರುಗಿಸ್ಬಿಟ್ರೆ ಅಂತ ಬರುತ್ತೆ. ಎಲ್ಲರ ತಲೇಲೂ ಇಂಥ ಕಸ ಬರುತ್ತೆ, ಹೋಗುತ್ತೆ. ನಿಮಗೆ ಅದು ಅಂಟ್ಕೊಂಡಿದೆ. ಯಾಕೆ ಗೊತ್ತಾ? ನಿಮಗೆ ಅದು ಅಷ್ಟು ಅಸಹ್ಯ. ಮಾಡೋ ಆಸೆ ಇದ್ದಿದ್ರೆ ಬ್ಯಾಂಡೇಜ್ ಯಾಕೆ ಸುತ್ಕೊಳ್ತಿದ್ರಿ?"

ಅತ್ತೆ. ಜೋರಾಗಿ, ನಾಚಿಕೆ ಬಿಟ್ಟು. ಹೆಗಲ ಮೇಲೆ ಟವೆಲ್ ಇತ್ತು, ಅಂಗಡಿಯಿಂದ ಹಾಗೇ ಬಂದಿದ್ದೆ. ಅದರಲ್ಲೇ ಮುಖ ಒರೆಸಿಕೊಂಡೆ. ನನ್ನ ಕೂದಲಲ್ಲದ ಕೂದಲೆಲ್ಲ ಮುಖಕ್ಕೆ ಅಂಟಿತು. ಮೇಡಂ ನೀರು ಕೊಟ್ಟರು.

ಹೊಟ್ಟೆಗೆ ಹಾಲು ಹೊಯ್ದ ಹಾಗಿದೆ. ಏನೂ ಸರಿಹೋಗಿಲ್ಲ ಇನ್ನೂ. ಬರುವಾಗ ರಸ್ತೆಯಲ್ಲಿ ಕೂಡ ಆ ಯೋಚನೆ ಬಂತು. ಆದರೂ.


ಏಪ್ರಿಲ್ 17, ಶುಕ್ರವಾರ

ಮನೆಯವರಿಗೆ ಹೇಳಿ ಅಂದಿದ್ದರು ಮೇಡಂ. ಇವಳಿಗೆ ಹೇಳಿದೆ. ಅಡುಗೆಮನೆಯಲ್ಲಿ, ಬೆಳಗ್ಗೆ, ಇವಳು ಈರುಳ್ಳಿ ಹೆಚ್ಚುತ್ತಿದ್ದಾಗ. ನಾನು ಬಾಗಿಲ ಹತ್ತಿರ ನಿಂತು.

ಕೇಳಿಸಿಕೊಂಡಳು. ಚಾಕು ಕೆಳಗಿಟ್ಟಳು.

"ಅದಕ್ಕೇನ್ರೀ ಇಷ್ಟು ದಿನ ಅಡುಗೆಮನೆಗೆ ಕಾಲಿಡ್ತಿರಲಿಲ್ಲ?"

"ಹೂಂ."

"ನನ್ನ ಮುಖ ನೋಡೋಕೇ ಬೇಜಾರಾಗಿದೆ ನಿಮ್ಗೆ ಅಂದ್ಕೊಂಡಿದ್ದೆ. ಅಕ್ಕನ ಹತ್ರ ಫೋನಲ್ಲಿ ಅತ್ತಿದ್ದೆ ಕೂಡ." ಈರುಳ್ಳಿಯೋ ಏನೋ, ಕಣ್ಣು ಒರೆಸಿಕೊಂಡಳು. "ಬನ್ನಿ ಇಲ್ಲಿ. ಉಳಿದಿದ್ದು ನೀವೇ ಹೆಚ್ಚಿ. ನಾನು ಇಲ್ಲೇ ನಿಂತಿರ್ತೀನಿ."

ಹೆಚ್ಚಿದೆ. ಬೆವರಿಳಿಯಿತು. ಚೂರು ಒಂದೊಂದೂ ಒಂದೊಂದು ಸೈಜು. ಇವಳು ಪಕ್ಕದಲ್ಲೇ ನಿಂತು "ಕಟಿಂಗ್ ಮಾಸ್ಟರ್ ಅಂತೆ, ಕರ್ಮ" ಅಂದಳು.

ಇಂಥ ಹೆಂಡತಿಗೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ನನ್ನ ಮೇಲೆ ನನಗೇ ಸಿಟ್ಟು.


ಏಪ್ರಿಲ್ 30, ಗುರುವಾರ

ಮೇಡಂ ಹತ್ತಿರ ಮೂರನೇ ಸಲ. ಓಡಿಹೋದಷ್ಟೂ ಅದು ಅಟ್ಟಿಸಿಕೊಂಡು ಬರುತ್ತದೆ, ಹಾಗಾಗಿ ಮೆಲ್ಲಗೆ ಕತ್ತಿಯ ಹತ್ತಿರ ಹೋಗಬೇಕು ಅನ್ನುತ್ತಾರೆ. ಬ್ಯಾಂಡೇಜ್ ಬಿಚ್ಚಿಸಿದ್ದಾರೆ. "ನೀವು ಕೆಲಸ ಕಲಿತಿದ್ದು ಹೇಗೆ?" ಅಂತ ಕೇಳಿದರು.

"ಬಲೂನಿಗೆ ನೊರೆ ಹಚ್ಚಿ ಮೇಡಂ. ಒಡೀದೆ ಇರೋ ಹಾಗೆ ನೊರೆ ತೆಗೀಬೇಕು. ನಮ್ಮಲ್ಲಿ ಎಲ್ರೂ ಹಾಗೇ ಕಲಿಯೋದು."

"ಹಾಗಾದ್ರೆ ಅಲ್ಲಿಂದಲೇ ಶುರು ಮಾಡಿ. ಯೋಚನೆ ಬಂದ್ರೆ ಓಡಿಸ್ಬೇಡಿ. ಕೆಲಸ ನಿಲ್ಲಿಸ್ಬೇಡಿ."

ಆ ಯೋಚನೆ ಬಲೂನಿಗೂ ಬಂತು! ಬಲೂನಿನ ಕತ್ತು ಎಲ್ಲಿದೆ ಅಂತ ಬಂತೋ.

ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಹಳದಿ ಬಲೂನನ್ನು ಕುರ್ಚಿಯ ತಲೆದಿಂಬಿನ ಮೇಲೆ ಇಟ್ಟು, ಬಟ್ಟೆ ಹೊದಿಸಿ, ನೊರೆ ಹಚ್ಚಿ ಕೆಲಸ ಮಾಡುತ್ತಿದ್ದೆ. ಚಹಾ ತರಲು ಹೋಗಿದ್ದ ತಮ್ಮ ಬಂದುಬಿಟ್ಟ. ಎರಡು ಲೋಟ ಹಿಡಿದು ಬಾಗಿಲಲ್ಲೇ ನಿಂತ.

"ಅಣ್ಣ, ಇವರಿಗೆ ಮೀಸೆ ಇಡ್ಬೇಕಂತಾ?"

ಕೂರಿಸಿದೆ. ಹೇಳಿದೆ. ಮಣಿಕಟ್ಟು ಸುಳ್ಳು ಅಂತಲೂ ಹೇಳಿದೆ. ಮೊದಲು ಬಲೂನ್ ನೋಡಿ ಬಿದ್ದು ಬಿದ್ದು ನಗುತ್ತಿದ್ದ. "ಒತ್ತಿಬಿಟ್ರೆ ಅಂತ ಬರುತ್ತೆ ಕಣೋ" ಅಂದಾಗ ನಗು ನಿಂತಿತು. ನನ್ನನ್ನು ನೋಡಲಿಲ್ಲ, ಕನ್ನಡಿ ನೋಡಿದ. ಚಹಾ ಆರಿತು. "ಸರಿ ಅಣ್ಣ" ಅಂತ ಹೇಳಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಬೇಜಾರು ಮಾಡಿಕೊಂಡನೇನೋ. ಇಷ್ಟು ತಿಂಗಳು ಎರಡಾಳಿನ ಕೆಲಸ ಮಾಡಿದ್ದಾನೆ, ಸುಳ್ಳು ನೆಪಕ್ಕೆ. ಬೇಜಾರಾಗದೆ ಇರುತ್ತದಾ.


ಮೇ 6, ಬುಧವಾರ

ಪೋಸ್ಟ್‌ಮಾಸ್ಟರು ಬಂದರು. "ಆ ಕಡೆ ಹೋಗ್ಬೇಕೇನಯ್ಯಾ?" ಅಂದರು. "ಬೇಡ ಸರ್, ಇಲ್ಲೇ ಕೂತ್ಕೊಳ್ಳಿ" ಅಂದೆ.

ಬಂತು. ಬರದೆ ಇರುತ್ತದಾ? ಒತ್ತಿಬಿಟ್ಟರೆ... ಬಂದೆಯಾ ಮಹರಾಯ, ಬೆಂಚಿನ ಮೇಲೆ ಕೂತಿರು, ಕೈಯಲ್ಲಿ ಕೆಲಸ ಇದೆ ಅಂದೆ ಮನಸ್ಸಿನಲ್ಲೇ. ಕೂತಿತು ಅಂತ ಹೇಳಲಾರೆ. ಗದ್ದಲ ಮಾಡುತ್ತಲೇ ಇತ್ತು. ನಾನು ಕೆಲಸ ಮಾಡುತ್ತಲೇ ಇದ್ದೆ. ಎಡ ಕೆನ್ನೆ, ಬಲ ಕೆನ್ನೆ, ಗದ್ದ, ಗಂಟಲು. ಅವರು ನಡುವೆ ಗೊರಕೆ ಹೊಡೆದರು. ಒಂದು ಗೀರಿಲ್ಲ.

ಎದ್ದು ಗಲ್ಲ ಸವರಿಕೊಂಡು "ಕೈ ವಾಸಿ ಆಯ್ತು ಅನ್ನು" ಅಂದರು. ಕಾಲಿಗೆ ಬೀಳೋಣ ಅನ್ನಿಸಿತು. ಗಾಬರಿಯಾದಾರು ಅಂತ ಸುಮ್ಮನಾದೆ.

ಮೇಡಂಗೆ, ಆ ವಿಡಿಯೋ ಹುಡುಗಿಗೆ, ಇವಳಿಗೆ, ಮೂಳೆ ಡಾಕ್ಟರ ನಂಬರ್ ಕೊಟ್ಟವಳಿಗೆ ಕೂಡ... ಯಾರಿಗೆ ಅಂತ ಕೈಮುಗಿಯಲಿ. ಎಲ್ಲರಿಗೂ.


ಮೇ 9, ಶನಿವಾರ

ಸಂಜೆ ಶಟರ್ ಎಳೆಯುವಾಗ ತಮ್ಮ ಬೀಗ ಕೈಯಲ್ಲೇ ಹಿಡಿದುಕೊಂಡು ನಿಂತ.

"ಅಣ್ಣ, ಆ ಮೇಡಂ ನಂಬರ್ ಇದ್ರೆ ಕೊಡು. ನನ್ನ ಫ್ರೆಂಡ್ ಒಬ್ಬನಿಗೆ ಬೇಕಂತೆ."

"ಏನಂತೆ ಅವನಿಗೆ?"

"ನಿಂಗಿದ್ದ ಥರಾನೇ ಏನೋ. ಅವನದೂ ನಮ್ಮಂಥದ್ದೇ ಕೆಲಸ." ಬೀಗವನ್ನೇ ನೋಡುತ್ತಿದ್ದ. "ಬಹಳ ವರ್ಷದಿಂದ ಅಂತೆ. ಯಾರಿಗೂ ಹೇಳಿಲ್ವಂತೆ."

"ಕೊಡ್ತೀನಿ" ಅಂದೆ. ಅವನಿಗೆ ನಮ್ಮ ಕೆಲಸದ ಫ್ರೆಂಡ್ ಯಾರೂ ಇಲ್ಲ. ನಾನೊಬ್ಬನೇ.

ಮನೆಗೆ ಬಂದು ಊಟ ಸೇರಲಿಲ್ಲ. ಇಷ್ಟು ತಿಂಗಳು ನನಗೆ ಭಯ ಅಂತ ನನ್ನ ಪಾಲಿನ ಗಂಟಲುಗಳನ್ನೂ ಅವನ ಕುರ್ಚಿಗೆ ಕಳಿಸಿದೆ. ಅವನು ನಗುನಗುತ್ತಾ ಎಲ್ಲ ತೆಗೆದ. ಒಂದು ದಿನ ಇಲ್ಲ ಅನ್ನಲಿಲ್ಲ.


ಮೇ 14, ಗುರುವಾರ

ಮೇಡಂ ಹತ್ತಿರ ಹೋಗಿದ್ದೆ. ಏಳುವಾಗ "ತಮ್ಮನ ಗೆಳೆಯ ಒಬ್ಬನಿದ್ದಾನೆ ಮೇಡಂ, ಅವನಿಗೂ ಇದೇ" ಅಂದೆ.

ಕನ್ನಡಕ ತೆಗೆದು ನನ್ನನ್ನು ನೋಡಿದರು. "ಗೆಳೆಯ ಆದ್ರೆ ನನ್ನ ಹತ್ರ ಕಳಿಸಿ. ತಮ್ಮ ಆದ್ರೆ ಪಕ್ಕದ ಕೋಣೆ ಡಾಕ್ಟರ ಹತ್ರ ಕಳಿಸಿ. ಅಣ್ಣತಮ್ಮಂದಿರನ್ನ ಒಬ್ಬರೇ ನೋಡೋದು ಸರಿಯಲ್ಲ. ಅವರೂ ನನ್ನಷ್ಟೇ ಚೆನ್ನಾಗಿ ನೋಡ್ತಾರೆ."

ಬಾಗಿಲ ತನಕ ಹೋಗಿ ತಿರುಗಿದೆ.

"ಪಕ್ಕದ ಕೋಣೆ ಮೇಡಂ" ಅಂದೆ.


ಮೇ 21, ಗುರುವಾರ. ಬೆಳಗ್ಗೆ

ತಮ್ಮ ಈಗ ಹೊರಟ. ಇಸ್ತ್ರಿ ಮಾಡಿದ ಅಂಗಿ. ನಾನೇ ನಿನ್ನೆ ಕೂದಲು ಸರಿಮಾಡಿಕೊಟ್ಟಿದ್ದೆ. "ಫ್ರೆಂಡ್ ಜೊತೆ ಹೋಗಿ ಬರ್ತೀನಿ" ಅಂದ.

"ಹೋಗಿ ಬಾ. ಅವನಿಗೆ ಹೇಳು, ಅರ್ಧ ಹೇಳೋದು ಬೇಡ, ಪೂರ್ತಿ ಹೇಳ್ಬೇಕಂತೆ. ಅವರು ಹೆದರಲ್ಲ ಅಂತ ಹೇಳು."

"ಹೇಳ್ತೀನಿ." ಮೆಟ್ಟಿಲಿಳಿದವನು ಮತ್ತೆ ಹತ್ತಿ ಬಂದ. "ಅಣ್ಣ, ಇವತ್ತು ಗಡ್ಡ ಜಾಸ್ತಿ ಬಂದ್ರೆ?"

"ನಾನು ನೋಡ್ಕೊಳ್ತೀನಿ."

"ಎಲ್ಲಾನೂ?"

"ಎಲ್ಲಾನೂ. ನಡಿ, ಲೇಟಾಗುತ್ತೆ."

ಮೂಲೆ ತಿರುಗುವ ತನಕ ನೋಡಿದೆ. ಒಬ್ಬನೇ ಹೋದ, ಜೊತೆಗೆ ಯಾವ ಫ್ರೆಂಡೂ ಇಲ್ಲ.

ಆಗಲೇ ಬೆಂಚಿನ ಮೇಲೆ ಮೂವರು. ಮೂವರಿಗೂ ಗಡ್ಡ. ಮೊದಲಿನವರು ರೂಢಿಯಂತೆ ಸೀದಾ ಹೋಗಿ ತಮ್ಮನ ಕುರ್ಚಿಯಲ್ಲಿ ಕೂತಿದ್ದಾರೆ. ಏಳಿಸುವುದು ಬೇಡ. ಅಲ್ಲೇ ಮಾಡುತ್ತೇನೆ. ನೊರೆ ಹಚ್ಚಿ ಬಂದಿದ್ದೇನೆ, ಮೆತ್ತಗಾಗಲಿ ಅಂತ ಎರಡು ಸಾಲು ಬರೆಯುತ್ತಿದ್ದೇನೆ. ಕತ್ತು ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದ್ದಾರೆ. ಆ ಯೋಚನೆ ಆಗಲೇ ಬಂದು ಕೂತಿದೆ. ಕೂತಿರಲಿ. ಅವನೂ ಇದೇ ಕುರ್ಚಿಯ ಹಿಂದೆ ನಿಂತು, ದಿನಾ, ಇದೇ ಭಯ ಹೊತ್ತು, ನನ್ನ ಕಡೆ ತಿರುಗಿ ನಗುತ್ತಾ —